1500ಡಿ ಬಾಡಿ ಬದಲಾಯಿಸ್ಲಾ, ದೊಡ್ಡ ಲೆನ್ಸ್ ತಗೊಳ್ಳಲಾ? ತೋಟದ ನೆರಳಲ್ಲಿ ಹಕ್ಕಿ ಫೋಟೋ, ಕೊಡಗು

ಕಾಫಿತೋಟ_ಪೊನ್ನಂಪೇಟೆ:

ಎಲ್ಲರಿಗೂ ನಮಸ್ಕಾರ. ಪೊನ್ನಂಪೇಟೆ ಹತ್ರ ನಮ್ದು ಸಣ್ಣ ತೋಟ, ರೋಬಸ್ಟಾನೇ ಜಾಸ್ತಿ, ಮರಕ್ಕೆ ಮೆಣಸು ಹಬ್ಬಿಸಿದೀವಿ. ಬೆಳಿಗ್ಗೆ ಕೆಲಸದವರು ಬರೋಕೆ ಮುಂಚೆ, ಆಮೇಲೆ ಸಾಯಂಕಾಲ ಬಿಡುವಾದಾಗ ಕ್ಯಾಮೆರಾ ಹಿಡ್ಕೊಂಡು ತೋಟ ಸುತ್ತೋದು ಅಂದ್ರೆ ನಂಗೆ ಪ್ರಾಣ. ಇರೋದು ಕ್ಯಾನನ್ 1500ಡಿ, ಅದರ ಡಬಲ್ ಕಿಟ್ಟಲ್ಲಿ ಬಂದ 18-55 ಮತ್ತು 55-250 ಐಎಸ್ 2 ಲೆನ್ಸ್ (ನಂಬರ್ ಎಂಎಂ ಲೆಕ್ಕ, ಜಾಸ್ತಿ ಆದಷ್ಟು ದೂರದ್ದು ದೊಡ್ಡದಾಗಿ ಬರುತ್ತೆ), ಬೇರೆ ಏನೂ ಇಲ್ಲ.

ತೊಂದರೆ ಹಕ್ಕಿ ಫೋಟೋದ್ದು. ಹಳೇ ಕಾಡುಮರ ಯಾವುದನ್ನೂ ಅಪ್ಪ ಕಡಿಸಿಲ್ಲ, ಅದಕ್ಕೇ ನಮ್ಮಲ್ಲಿ ಹಕ್ಕಿ ತುಂಬಾ, ಆದ್ರೆ ಅದೇ ಮರದ ನೆರಳಲ್ಲಿ ಫೋಟೋ ತೆಗೆದ್ರೆ ಒಂದೋ ಶೇಕ್, ಇಲ್ಲಾಂದ್ರೆ ಐಎಸ್ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸೋ ಮಟ್ಟ) ಏರಿಸಿ ಎಲ್ಲಾ ಕಾಳುಕಾಳು. ಮೊನ್ನೆ ಕಾಕರಣೆ ಹಕ್ಕಿ, ಗಂಡು, ಹೊಟ್ಟೆ ಕೆಂಪಗೆ, ಕೊಂಬೆ ಮೇಲೆ ಅಲ್ಲಾಡದೆ ಕೂತಿತ್ತು, ಅಷ್ಟು ಹೊತ್ತು ಕೂತ್ರೂ ಫೋಟೋದಲ್ಲಿ ಸಿಕ್ಕಿದ್ದು ಒಂದು ಕೆಂಪು ಚುಕ್ಕೆ. ಮಂಗಟ್ಟೆ ಹಾರೋವಾಗಂತೂ ಫೋಕಸ್ ಹಿಂದಿನ ಎಲೆಗೆ ಹೋಗಿ ಕೂರುತ್ತೆ. ಹಕ್ಕಿ ಬಿಟ್ರೆ ನಮ್ಮ ಸುಗ್ಗಿ ಹಬ್ಬ ಪುತ್ತರಿ, ಮನೆಯವರ ಮದುವೆ, ಏಪ್ರಿಲಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಇವೆಲ್ಲಾ ತೆಗೀತೀನಿ.

ಕಾಫಿ ದುಡ್ಡಲ್ಲಿ ಎಂಬತ್ತು ಸಾವಿರದ ಆಸುಪಾಸು ಇದಕ್ಕೆ ಅಂತ ಎತ್ತಿಟ್ಟಿದೀನಿ, ಮತ್ತೆ ಇಷ್ಟು ಸಿಗೋಕೆ ಇನ್ನೆರಡು ಬೆಳೆ ಬರಬೇಕು. ಹಾಗಾಗಿ ಕೇಳ್ತಿದೀನಿ, ಕ್ಯಾನನ್ನಿನದೇ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಆರ್10 ಬಾಡಿ ತಗೊಳ್ಳಲಾ, ಇಲ್ಲಾ ಬಾಡಿ ಹಾಗೇ ಇಟ್ಕೊಂಡು ಸೆಕೆಂಡ್ ಹ್ಯಾಂಡ್ ಸಿಗ್ಮಾ 150-600 ತಗೊಳ್ಳಲಾ? ಮೈಸೂರಿನ ಫ್ರೆಂಡ್ ಒಬ್ಬ ಎಲ್ಲಾ ಮಾರಿ ಹಳೇ ನಿಕಾನ್ ಡಿ500 ಮತ್ತು 200-500ಗೆ ಹೋಗು ಅಂತಾನೆ. ಕೊಡಗಲ್ಲೇ ತೆಗೆಯೋರು ಹೇಳಿದ್ರೆ ಒಳ್ಳೇದು, ನಮ್ಮ ಮಳೆ ನಮ್ಮ ನೆರಳು ಹೊರಗಿನವರಿಗೆ ಅಂದಾಜಾಗಲ್ಲ.

ವಿರಾಜಪೇಟೆ_ಹಕ್ಕಿ:

ನಿಮ್ಮ ಪ್ರಶ್ನೆಲೇ ಮೂರು ಬೇರೆ ಬೇರೆ ತೊಂದರೆ ಇದೆ, ಹಕ್ಕಿ ಚಿಕ್ಕದಾಗಿ ಬರೋದು ಒಂದು, ಬೆಳಕು ಸಾಲದೆ ಶೇಕ್ ಆಗೋದು ಒಂದು, ಫೋಕಸ್ ತಪ್ಪೋದು ಇನ್ನೊಂದು. ಮೂರಕ್ಕೂ ಮದ್ದು ಬೇರೆ. ದುಡ್ಡು ಕೊಡೋಕೆ ಮುಂಚೆ ಒಂದು ಕೆಲಸ ಮಾಡಿ, ನೀವು ಬೇಜಾರಾಗಿ ಬದಿಗಿಟ್ಟ ಫೋಟೋಗಳನ್ನ ಕಂಪ್ಯೂಟರಲ್ಲಿ ಫುಲ್ ಜೂಮ್ ಮಾಡಿ ನೋಡಿ. ಹಕ್ಕಿ ಹಿಂದಿನ ಎಲೆ ಶಾರ್ಪ್ ಇದ್ದು ಹಕ್ಕಿ ಮಸುಕಿದ್ರೆ ಫೋಕಸ್ ತಪ್ಪು. ಕೊಂಬೆ ಹಕ್ಕಿ ಎಲ್ಲಾ ಒಂದೇ ದಿಕ್ಕಿಗೆ ಎಳೆದ ಹಾಗಿದ್ರೆ ಕೈ ನಡುಕ. ಕೊಂಬೆ ಚೆನ್ನಾಗಿದ್ದು ಹಕ್ಕಿ ತಲೆ ಮಾತ್ರ ಕಲೆಸಿದ್ರೆ ಶಟರ್ ಸ್ಪೀಡ್ ಸಾಲಲಿಲ್ಲ ಅಂತ, ಐಎಸ್ ಇದ್ದೂ ಪ್ರಯೋಜನ ಇಲ್ಲ ಅಲ್ಲಿ, ಅದು ನಿಮ್ಮ ಕೈ ನಡುಕ ತಡೀಬಹುದು ಅಷ್ಟೇ, ಹಕ್ಕಿ ಕತ್ತು ತಿರುಗಿಸೋದನ್ನ ಹೇಗೆ ತಡೀತದೆ.

ಈಗ ಬೆಳಕಿನ ಲೆಕ್ಕ, ಇದನ್ನ ಅಂಗಡಿಲಿ ಯಾರೂ ಹೇಳಲ್ಲ. ನಿಮ್ಮ 55-250 ಪೂರ್ತಿ ಎಳೆದ್ರೆ ಎಫ್ 5.6 (ಎಫ್ ನಂಬರ್ ಜಾಸ್ತಿ ಆದಷ್ಟು ಬೆಳಕು ಕಮ್ಮಿ). ಸಿಗ್ಮಾ 600ರಲ್ಲಿ ಎಫ್ 6.3. ಎಲ್ಲರೂ ಈಗ ಹೇಳೋ, ಕ್ಯಾನನ್ ಮಿರರ್‌ಲೆಸ್ಸಿಗೆ ಬರೋ ಆರ್ಎಫ್ 100-400 ಇದೆಯಲ್ಲ, ಅದು 400ರಲ್ಲಿ ಎಫ್ 8. ನಿಮ್ಮ ನೆರಳಲ್ಲಿ ಈಗ ಐಎಸ್ಒ 3200 ಬೇಕಾಗೋ ಕಡೆ ಎಫ್ 8ಗೆ 6400 ಬೇಕು, ಅಷ್ಟು ನೋಡಿ ತುಂಬಾ ಜನ ಅದು ಕಾಡಿಗೆ ಆಗಲ್ಲ ಅಂತ ತಳ್ಳಿಬಿಡ್ತಾರೆ. ಆದ್ರೆ ಹಕ್ಕಿನೂ ದೊಡ್ಡದಾಗಿ ಬರುತ್ತಲ್ಲ. 250ರಿಂದ 400ಕ್ಕೆ ಹೋದ್ರೆ ಅದೇ ಹಕ್ಕಿ ಮೇಲೆ ಎರಡೂವರೆ ಪಟ್ಟು ಪಿಕ್ಸೆಲ್, 600ಕ್ಕೆ ಹೋದ್ರೆ ಸುಮಾರು ಆರು ಪಟ್ಟು. ಲೆನ್ಸ್ ಒಳಗೆ ಬೆಳಕು ಹೋಗೋ ಕಿಂಡಿ ಎಷ್ಟು ಅಗಲ ಅಂತ ನೋಡಿ, ಫೋಕಲ್ ಲೆಂತನ್ನ ಎಫ್ ನಂಬರಿಂದ ಭಾಗಿಸಿದ್ರೆ ಸಿಗುತ್ತೆ. ನಿಮ್ಮ ಲೆನ್ಸಿಗೆ 45 ಮಿಲಿಮೀಟರ್, 100-400ಗೆ 50, ಸಿಗ್ಮಾಗೆ 95. ಅದೇ ಕೊಂಬೆ ಮೇಲೆ ಕೂತ ಅದೇ ಹಕ್ಕಿಯಿಂದ ಬರೋ ಬೆಳಕು 100-400ಗೆ ನಿಮ್ಮದಕ್ಕಿಂತ ಸ್ವಲ್ಪ ಜಾಸ್ತಿನೇ, ಸಿಗ್ಮಾಗೆ ನಾಲ್ಕು ಪಟ್ಟಿಗೂ ಮೇಲೆ. ನೀವು ಹೇಗೂ ಕ್ರಾಪ್ ಮಾಡೇ ಮಾಡ್ತೀರಿ, ಹಾಗಾಗಿ ಕೊನೆಗೆ ಕಾಣೋ ಕಾಳು ಈ ಲೆಕ್ಕಕ್ಕೆ ತಕ್ಕ ಹಾಗೇ ಇರೋದು. ಬರೀ ಎಫ್ ನಂಬರ್ ನೋಡಿ ಲೆನ್ಸ್ ಅಳೀಬೇಡಿ.

ಆದ್ರೂ ನಿಮಗೆ ನಾನು ಮೊದಲು ಬಾಡಿನೇ ಹೇಳೋದು. 1500ಡಿಲಿ ಇರೋದು ಒಂಬತ್ತು ಫೋಕಸ್ ಪಾಯಿಂಟ್, ಅದರಲ್ಲಿ ನಡುವಿನದ್ದೊಂದೇ ಕ್ರಾಸ್ ಟೈಪ್ (ಅಡ್ಡ ಉದ್ದ ಎರಡೂ ಗೆರೆ ಹಿಡಿಯೋದು), ಸೆಕೆಂಡಿಗೆ ಮೂರು ಫೋಟೋ. ಎಲೆ ಕೊಂಬೆ ತುಂಬಿದ ತೋಟದಲ್ಲಿ ಅದು ಹಕ್ಕಿ ಹುಡುಕೋದು ನಿಜಕ್ಕೂ ಕಷ್ಟ. ಆರ್10 ಹಕ್ಕಿನ ತಾನೇ ಗುರುತಿಸಿ ಕಣ್ಣಿಗೆ ಫೋಕಸ್ ಹಿಡ್ಕೊಳ್ಳುತ್ತೆ, ಮೆಕ್ಯಾನಿಕಲ್ ಶಟರಲ್ಲೇ ಸೆಕೆಂಡಿಗೆ 15. ಪಿಕ್ಸೆಲ್ ಎರಡರಲ್ಲೂ 24 ಮೆಗಾನೇ, ಹಾಗಾಗಿ ಫೋಟೋ ಕ್ವಾಲಿಟಿ ಆಕಾಶಕ್ಕೆ ಹೋಗುತ್ತೆ ಅಂತ ಅಂದ್ಕೊಳ್ಳಬೇಡಿ, ಸರಿಯಾಗಿ ಬರೋ ಫೋಟೋ ಸಂಖ್ಯೆ ಜಾಸ್ತಿ ಆಗುತ್ತೆ, ಅದೇ ಲಾಭ.

ಮಡಿಕೇರಿ_ಮಂಜು:

ಬಾಡಿ ಲೆನ್ಸ್ ಮಾತಾಡೋಕೆ ಮುಂಚೆ ಒಂದು ಕೇಳ್ತೀನಿ, ಜೂನಿಂದ ಸೆಪ್ಟೆಂಬರ್ ವರೆಗೆ ನಿಮ್ಮ ಕ್ಯಾಮೆರಾ ಎಲ್ಲಿರುತ್ತೆ? ಬ್ಯಾಗಲ್ಲಿ ಹಾಕಿ ಬೀರುಲಿ ಇಟ್ಟಿದ್ರೆ ದಯವಿಟ್ಟು ಇವತ್ತೇ ತೆಗೀರಿ. ಬ್ಯಾಗಿನ ಸ್ಪಂಜು ತೇವ ಹೀರ್ಕೊಂಡು ಅಲ್ಲೇ ಇಟ್ಕೊಳ್ಳುತ್ತೆ. ಗಾಳಿಲಿ ತೇವ ಶೇಕಡ 70 ದಾಟಿ ಕೆಲವು ದಿನ ಹಾಗೇ ನಿಂತ್ರೆ ಲೆನ್ಸ್ ಒಳಗೆ ಫಂಗಸ್ ಏಳೋಕೆ ಅಷ್ಟು ಸಾಕು, ನಮ್ಮಲ್ಲಿ ತಿಂಗಳುಗಟ್ಟಲೆ ಅದಕ್ಕಿಂತ ಮೇಲೇ ಇರುತ್ತೆ. ಶುರುಲಿ ಜೇಡರ ಬಲೆ ಎಳೆ ತರ ಅಂಚಲ್ಲಿ ಕಾಣುತ್ತೆ, ಬಿಟ್ರೆ ಗಾಜಿನ ಕೋಟಿಂಗನ್ನೇ ತಿಂದು ಬಿಡುತ್ತೆ, ಆಮೇಲೆ ಬಿಚ್ಚಿ ಒರೆಸಿದ್ರೂ ಗುರುತು ಹೋಗಲ್ಲ. ನಂಗೆ ಈ ವಿಷಯದಲ್ಲಿ ಹೊಟ್ಟೆ ಉರಿಯುತ್ತೆ ಮಾರಾಯ್ರೆ, ಎಷ್ಟು ಜನ ಸಾಲ ಮಾಡಿ ಲೆನ್ಸ್ ತಂದು ಎರಡು ಮಳೆಗಾಲಕ್ಕೆ ಹಾಳು ಮಾಡ್ಕೊಂಡಿದ್ದು ನೋಡಿದೀನಿ.

ಮಾಡಬೇಕಾದ್ದು ಸುಲಭ. ಅಡುಗೆಮನೆ ಸಾಮಾನಿಗೆ ಸಿಗೋ ರಬ್ಬರ್ ಅಂಚಿನ ಗಾಳಿ ಹೋಗದ ದೊಡ್ಡ ಡಬ್ಬ ಒಂದು, ಸಿಲಿಕಾ ಜೆಲ್ ಅರ್ಧ ಕೆಜಿ, ಒಳಗಡೆ ಇಡೋಕೆ ತೇವ ತೋರಿಸೋ ಸಣ್ಣ ಡಿಜಿಟಲ್ ಮೀಟರ್. ಮೀಟರ್ 40ರಿಂದ 50ರ ಒಳಗೆ ಇರಬೇಕು. ತೀರಾ 30ಕ್ಕಿಂತ ಕೆಳಗೆ ಇಳಿಸೋದೂ ಒಳ್ಳೇದಲ್ಲ, ಲೆನ್ಸಿನ ಗ್ರೀಸ್ ರಬ್ಬರ್ ಒಣಗುತ್ತೆ. ಜೆಲ್ ಬಣ್ಣ ಬದಲಾಯ್ತು ಅಂದ್ರೆ ಬಿಸಿ ಮಾಡಿ ಮತ್ತೆ ಬಳಸಬಹುದು, ಆದ್ರೆ ನೀಲಿಯಿಂದ ಗುಲಾಬಿ ಆಗೋ ಜೆಲ್ಲನ್ನ ಅಡುಗೆ ಬಾಣಲೆಲಿ ಹುರೀಬೇಡಿ, ಆ ನೀಲಿ ಕೋಬಾಲ್ಟ್ ಕ್ಲೋರೈಡಿಂದ ಬರೋದು, ಒಳ್ಳೇದಲ್ಲ. ಕಿತ್ತಳೆ ಬಣ್ಣದ್ದು ಸಿಗುತ್ತೆ, ಅದೇ ತಗೊಳ್ಳಿ, ಹಳೇ ತಟ್ಟೆ ಒಂದು ಅದಕ್ಕೇ ಬೇರೆ ಇಡಿ, ಮಕ್ಕಳ ಕೈಗೆ ಸಿಗದ ಹಾಗೆ.

ಡ್ರೈ ಕ್ಯಾಬಿನೆಟ್ ಒಳ್ಳೇದೇ, ನನ್ನ ಹತ್ರನೂ ಇದೆ, ಕರೆಂಟೂ ಜಾಸ್ತಿ ತಿನ್ನಲ್ಲ. ಆದ್ರೆ ಜುಲೈಲಿ ಲೈನ್ ಮೇಲೆ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇಲ್ಲದಾಗ ಅದೂ ಬರೀ ಬೀರು ಅಷ್ಟೇ, ಆಗ ಅದರೊಳಗೂ ಜೆಲ್ ಇಡ್ತೀನಿ. ನಿಮ್ಮ ಬಜೆಟ್ಟಲ್ಲಿ ಡಬ್ಬನೇ ಸಾಕು.

ಇನ್ನೊಂದು, ಡಿಸೆಂಬರ್ ಜನವರಿ ಬೆಳಿಗ್ಗೆ ಚಳಿಲಿ ತಿರುಗಿ ಬಂದು ಸೀದಾ ಒಲೆ ಉರಿಯೋ ಅಡುಗೆಮನೆಗೆ ಕ್ಯಾಮೆರಾ ತರಬೇಡಿ. ತಣ್ಣಗಿನ ಗಾಜಿನ ಮೇಲೆ ಬೆವರು ಬಂದ ಹಾಗೆ ನೀರು ಕೂರುತ್ತೆ, ಒಳಗೂ ಕೂರುತ್ತೆ. ಹೊರಗಡೆನೇ ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಯಿ ಕಟ್ಟಿ ಒಳಗೆ ತನ್ನಿ, ಮನೆ ಬಿಸಿಗೆ ಬಂದ್ಮೇಲೆ ಬಿಚ್ಚಿ.

ಮೈಸೂರು_ಲೆನ್ಸ್:

ಡಿ500 ಹೇಳಿದ ನಿಮ್ಮ ಫ್ರೆಂಡ್ ಮಾತಲ್ಲಿ ತೂಕ ಇದೆ. 2016ರ ಕ್ಯಾಮೆರಾ ಆದ್ರೂ 153 ಫೋಕಸ್ ಪಾಯಿಂಟ್, ಸೆಕೆಂಡಿಗೆ ಹತ್ತು ಫೋಟೋ, ಮಳೆ ಹನಿಗೆ ತಡೀತದೆ, ಹಕ್ಕಿ ತೆಗೆಯೋರು ಇವತ್ತಿಗೂ ಬಿಡ್ತಿಲ್ಲ. 200-500 ಪೂರ್ತಿ ಎಳೆದ್ರೂ ಎಫ್ 5.6. ಆದ್ರೆ ಆ ಲೆನ್ಸ್ ಒಂದೇ 2.3 ಕೆಜಿ, ಬಾಡಿ ಸೇರಿದ್ರೆ ಮೂರು ದಾಟುತ್ತೆ. ನಾಗರಹೊಳೆ ಸಫಾರಿ ಜೀಪಲ್ಲಿ ಬೀನ್ ಬ್ಯಾಗ್ ಮೇಲೆ ಇಟ್ಟು ತೆಗೆಯೋಕೆ ಸರಿ, ಕಾಫಿ ಗಿಡದ ಸಾಲಲ್ಲಿ ಬಗ್ಗಿ ನುಗ್ಗಿ ಹೋಗೋಕೆ ಸಾಧ್ಯನಾ ಅಂತ ನೀವೇ ಯೋಚನೆ ಮಾಡಿ. ಮೇಲಾಗಿ ಡಿ500 ಈಗ ತಯಾರಾಗ್ತಿಲ್ಲ, ಹೆಚ್ಚಿನ ಕಂಪನಿಗಳು ಮಿರರ್‌ಲೆಸ್ ಕಡೆ ಹೋಗಿವೆ, ಇನ್ನೊಂದಷ್ಟು ವರ್ಷ ಆದ್ಮೇಲೆ ಪಾರ್ಟ್ಸ್ ಹುಡುಕಬೇಕಾಗುತ್ತೆ.

ಸೆಕೆಂಡ್ ಹ್ಯಾಂಡ್ ತಗೊಳ್ಳೋದಾದ್ರೆ ಫೋಟೋ ನೋಡಿ ದುಡ್ಡು ಹಾಕ್ಬೇಡಿ, ಕೈಯಲ್ಲಿ ಹಿಡಿದು ನೋಡಲೇಬೇಕು. ಲೆನ್ಸಿನ ಎರಡೂ ಕ್ಯಾಪ್ ತೆಗೆದು ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿ. ಧೂಳಿನ ಚುಕ್ಕೆ ಇದ್ರೆ ತಲೆ ಕೆಡಿಸ್ಕೊಳ್ಳಬೇಡಿ, ಎಳೆ ಎಳೆ ಕವಲೊಡೆದ ಹಾಗಿದ್ರೆ ಫಂಗಸ್, ಎಷ್ಟು ಕಮ್ಮಿಗೆ ಕೊಟ್ರೂ ಬೇಡ, ನಿಮ್ಮ ಡಬ್ಬಕ್ಕೆ ಅದು ಬರೋದೇ ಬೇಡ. ನಿಮ್ಮ 1500ಡಿಗೆ ಕೂರೋ ಕ್ಯಾನನ್ ಇಎಫ್ ಲೆನ್ಸ್ ಕ್ಯಾಮೆರಾಯಿಂದ ಬಿಚ್ಚಿದಾಗ ಅಪರ್ಚರ್ ಪೂರ್ತಿ ತೆರೆದೇ ಇರುತ್ತೆ, ಹಾಗಾಗಿ ಒಳಗೆಲ್ಲಾ ಚೆನ್ನಾಗಿ ಕಾಣುತ್ತೆ. ಆಮೇಲೆ ನಿಮ್ಮ ಬಾಡಿಗೇ ಹಾಕಿ ದೂರದ ಬೋರ್ಡು ಯಾವುದಾದ್ರೂ ನಾಲ್ಕೂ ಮೂಲೆಲಿಟ್ಟು ತೆಗೆದು ನೋಡಿ, ಒಂದು ಮೂಲೆ ಮಾತ್ರ ಮಸುಕಾದ್ರೆ ಎಲ್ಲೋ ಬಿದ್ದಿದೆ ಅಂತ ಅರ್ಥ.

ನಿಕಾನ್ ಬಾಡಿ ಆದ್ರೆ ಶಟರ್ ಕೌಂಟ್ ಫೋಟೋ ಫೈಲಲ್ಲೇ ಸಿಗುತ್ತೆ. ಡಿ500ನ ಎರಡು ಲಕ್ಷಕ್ಕೆ ಅಂತ ಟೆಸ್ಟ್ ಮಾಡಿರೋದು. ಬಿಲ್ಲು ಕೇಳಿ, ಇಂಡಿಯಾ ವಾರಂಟಿ ಕಾರ್ಡ್ ಕೇಳಿ. ಹೊಸದು ಅಂತ ಬಿಲ್ಲಿಲ್ಲದೆ ಕಮ್ಮಿಗೆ ಕೊಡೋ ಮಾಲು ಹೊರದೇಶದಿಂದ ಬಂದಿದ್ದಾಗಿರುತ್ತೆ, ಕೆಟ್ರೆ ಇಲ್ಲಿ ವಾರಂಟಿ ನಡೆಯಲ್ಲ.

ಕಾಫಿತೋಟ_ಪೊನ್ನಂಪೇಟೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ವಿವರ ಸಿಗುತ್ತೆ ಅಂತ ಅಂದ್ಕೊಂಡಿರಲಿಲ್ಲ. ಮಂಜು ಅವರೇ, ಡಬ್ಬ ಇವತ್ತೇ ಗೋಣಿಕೊಪ್ಪದಿಂದ ತಂದೆ, ಜೆಲ್ ಮತ್ತೆ ಮೀಟರ್ ಆರ್ಡರ್ ಹಾಕಿದೀನಿ. ಹಕ್ಕಿ ಅಣ್ಣ, ನೀವು ಹೇಳಿದ ಹಾಗೆ ಹಳೇ ಫೋಟೋ ಎಲ್ಲಾ ನೋಡಿದೆ. ಹಾರೋ ಹಕ್ಕಿದೆಲ್ಲಾ ಫೋಕಸ್ ಹಿಂದಿನ ಎಲೆಗೆ ಹೋಗಿರೋದು. ಕೂತ ಹಕ್ಕಿಲಿ ಮುಕ್ಕಾಲು ಪಾಲು ಹಕ್ಕಿ ಚಿಕ್ಕದು ಅನ್ನೋದೇ ತೊಂದರೆ, ಶೇಕ್ ನಾನು ಅಂದ್ಕೊಂಡಷ್ಟು ಇಲ್ಲ. ಈಗ ಬಾಡಿ ತಗೊಂಡ್ರೆ ಹಕ್ಕಿ ಚಿಕ್ಕದಾಗೇ ಉಳಿಯುತ್ತಲ್ಲ, ಲೆನ್ಸ್ ತಗೊಂಡ್ರೆ ಫೋಕಸ್ ತಪ್ತಾನೇ ಇರುತ್ತಲ್ಲ, ಇದಕ್ಕೇನು ಮಾಡೋದು?

ನಾಪೋಕ್ಲು_ಅಕ್ಕ:

ತಮ್ಮಾ, ಹಕ್ಕಿ ಬಗ್ಗೆ ಅವರೆಲ್ಲಾ ಹೇಳ್ತಾರೆ, ನಾನು ಪುತ್ತರಿ, ಮದುವೆ, ಹಾಕಿ ಹಬ್ಬದ್ದು ಹೇಳ್ತೀನಿ, ಯಾಕಂದ್ರೆ ನಾನು ತೆಗೆಯೋದು ಅವೇ.

ಪುತ್ತರಿ ಕದಿರು ತೆಗೆಯೋದು ರಾತ್ರಿ, ಹುಣ್ಣಿಮೆ ಬೆಳಕು ಇದ್ರೂ ಕ್ಯಾಮೆರಾಗೆ ಅದು ಕತ್ತಲೇ. ನಿನ್ನ 18-55ನ 55ಕ್ಕೆ ಎಳೆದ್ರೆ ಎಫ್ 5.6. ಅದರ ಬದಲು 50 ಎಫ್ 1.8 ಎಸ್‌ಟಿಎಂ (ಅದು ಫೋಕಸ್ ಮೋಟರಿನ ಹೆಸರು) ಹಾಕಿದ್ರೆ ಹತ್ತತ್ರ ಹತ್ತು ಪಟ್ಟು ಬೆಳಕು. ಐಎಸ್ಒ 12800 ಬೇಕಿದ್ದ ಕಡೆ 1250ರ ಹತ್ರ ಸಾಕು. ಐನ್‌ಮನೆ (ಕುಟುಂಬದ ಹಳೇ ಮೂಲಮನೆ) ಕೈಸಾಲೆಲಿ ದೀಪದ ಮುಂದೆ ನಿಂತ ಅಜ್ಜಿ ಮುಖ, ಗಂಡಸರು ಉಡೋ ಕುಪ್ಯಚೇಲೆಯ ಕಪ್ಪು ಬಟ್ಟೆ ಮೇಲೆ ಸೊಂಟದ ಪೀಚೆಕತ್ತಿ ಬೆಳ್ಳಿ ಮಿನುಗೋದು, ಇವೆಲ್ಲಾ ಫ್ಲ್ಯಾಶ್ ಹೊಡೆದ್ರೆ ಸತ್ತೇ ಹೋಗುತ್ತೆ, ಕಪ್ಪು ಬಟ್ಟೆ ಬರೀ ಕಪ್ಪು ಕಾಣುತ್ತೆ, ಬೆಳ್ಳಿ ಬರೀ ಬಿಳಿ ಆಗುತ್ತೆ. ಆ ಲೆನ್ಸಲ್ಲಿ ಐಎಸ್ ಇಲ್ಲ, ಅದಕ್ಕೆ ಶಟರ್ 125ರ (ಅಂದ್ರೆ ಸೆಕೆಂಡಿನ 125ನೇ ಒಂದು ಭಾಗ) ಕೆಳಗೆ ಇಳಿಸ್ಬೇಡ. ಒಳಗಡೆ ಜಾಗ ಇಕ್ಕಟ್ಟು ಅನ್ಸಿದ್ರೆ 24 ಎಫ್ 2.8 ಅಂತ ಚಪ್ಪಟೆ ಲೆನ್ಸ್ ಬರುತ್ತೆ, ಬೆಳಕು ಅಷ್ಟಿಲ್ಲ, ಆದ್ರೆ ಇಡೀ ಕುಟುಂಬ ಹಿಡಿಯುತ್ತೆ. ಇವೆರಡೂ ಕಮ್ಮಿ ದುಡ್ಡಿನ ಲೆನ್ಸ್, ಸೆಕೆಂಡ್ಸಲ್ಲಿ ಬೇಕಾದಷ್ಟು ಸಿಗುತ್ತೆ, ನಾಳೆ ಆರ್10 ತಗೊಂಡ್ರೂ ಅಡಾಪ್ಟರ್ ಹಾಕಿ ಬಳಸಬಹುದು.

ಹಾಕಿ ಹಬ್ಬಕ್ಕೆ ಬೆಳಕಿನ ಚಿಂತೆನೇ ಇಲ್ಲ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರು ಮಾಡಿದಾಗಿನಿಂದ ಬೇಸಿಗೆ ರಜೆಲೇ ನಡೆಯೋದು, ಸುಡೋ ಬಿಸಿಲು. ಎಫ್ 8, ಐಎಸ್ಒ 400 ಇಟ್ರೂ ಸಾವಿರದ ಮೇಲೆ ಶಟರ್ ಸಿಗುತ್ತೆ. ಅಲ್ಲಿ ಬೇಕಾಗೋದು ವೇಗ, ಸ್ಟಿಕ್ ಬಾಲಿಗೆ ತಾಗೋ ಕ್ಷಣ ಸೆಕೆಂಡಿಗೆ ಮೂರರಲ್ಲಿ ಸಿಗೋದು ಅದೃಷ್ಟ, ಹದಿನೈದರಲ್ಲಿ ಸಿಕ್ಕೇ ಸಿಗುತ್ತೆ. ಗೋಲಿನ ಹಿಂದೆ ಒಂದು ಪಕ್ಕಕ್ಕೆ ನೆಲದಲ್ಲಿ ಕೂತ್ಕೋ, ನಿಂತು ತೆಗೆದ್ರೆ ಆಟಗಾರರ ತಲೆ ಹಿಂದೆ ಶಾಮಿಯಾನ ಬರುತ್ತೆ.

ವಿರಾಜಪೇಟೆ_ಹಕ್ಕಿ:

ಅಕ್ಕ ಹೇಳಿದ್ದು ನೂರಕ್ಕೆ ನೂರು. ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ. ಬಾಡಿ ಮೊದಲು, ಲೆನ್ಸ್ ಆಮೇಲೆ, ಕಾರಣ ಇಷ್ಟೇ, ನಿಮ್ಮ ಹಳೇ ಲೆನ್ಸ್ ಎಲ್ಲಾ ಅಡಾಪ್ಟರ್ ಮೂಲಕ ಆರ್10ಗೆ ಕೂರುತ್ತೆ, ಆದ್ರೆ ಹೊಸ ಆರ್ಎಫ್ ಲೆನ್ಸ್ 1500ಡಿಗೆ ಕೂರಲ್ಲ. ಅಡಾಪ್ಟರ್ ಒಳಗೆ ಗಾಜೇ ಇಲ್ಲ, ಬರೀ ಖಾಲಿ ಉಂಗುರ, ಕ್ವಾಲಿಟಿ ಒಂಚೂರೂ ಹೋಗಲ್ಲ. ನಿಮ್ಮ 55-250 ಐಎಸ್ 2ರ ಮೋಟರ್ ಹಳೇ ಕಾಲದ್ದು, ನಿಧಾನ, ಸದ್ದು ಬೇರೆ. ಅದನ್ನೇ ಮಾರಿ ಸ್ವಲ್ಪ ಸೇರಿಸಿ ಅದರ ಎಸ್‌ಟಿಎಂ ಮಾಡೆಲ್ ಸೆಕೆಂಡ್ ಹ್ಯಾಂಡ್ ತಗೊಳ್ಳಿ, ಫೋಕಸ್ ಚುರುಕು, ಶಾರ್ಪೂ ಜಾಸ್ತಿ. ಆರ್10, ಅಡಾಪ್ಟರ್, ಆ ಲೆನ್ಸ್ ಎಲ್ಲಾ ಸೇರಿ ಒಂದು ಕೆಜಿ ಒಳಗೆ, ಮೆಣಸಿನ ಏಣಿ ಪಕ್ಕ ನುಗ್ಗೋಕೂ ಅಡ್ಡಿಯಿಲ್ಲ.

ಹಕ್ಕಿ ಚಿಕ್ಕದು ಅನ್ನೋದಕ್ಕೆ ದುಡ್ಡಿಲ್ಲದ ಮದ್ದು ನಿಮ್ಮ ತೋಟದಲ್ಲೇ ಇದೆ. ಇಪ್ಪತ್ತು ಮೀಟರಿಂದ ಐದು ಮೀಟರಿಗೆ ಬಂದ್ರೆ ಹಕ್ಕಿ ನಾಲ್ಕು ಪಟ್ಟು ದೊಡ್ಡದಾಗಿ ಬರುತ್ತೆ, ಅಷ್ಟು ಲೆನ್ಸಲ್ಲಿ ಬೇಕಂದ್ರೆ 1000 ಎಂಎಂ ಬೇಕು. ಫೆಬ್ರವರಿ ಮಾರ್ಚಲ್ಲಿ ಕಾಫಿ ಹೂ ಅರಳಿಸೋ ಹೂ ಮಳೆ ಬರೋಕೆ ಮುಂಚೆ ತೊರೆ ಎಲ್ಲಾ ಬತ್ತಿರುತ್ತಲ್ಲ, ಆಗ ಅಗಲವಾದ ಮಣ್ಣಿನ ತಟ್ಟೆ ಒಂದು ನೆಲದಿಂದ ಸೊಂಟದೆತ್ತರದಲ್ಲಿ ಕಲ್ಲಿನ ಮೇಲೆ ಇಡಿ, ನೀರು ಎರಡು ಬೆರಳಿನಷ್ಟೇ ಆಳ ಇರಲಿ, ಜಾಸ್ತಿ ಆದ್ರೆ ಚಿಕ್ಕ ಹಕ್ಕಿ ಇಳಿಯಲ್ಲ. ನಡುವೆ ಒಂದು ಒರಟು ಕಲ್ಲು. ಪಕ್ಕದಲ್ಲಿ ಪಾಚಿ ಹಿಡಿದ ಒಣ ಕೊಂಬೆ ಓರೆಯಾಗಿ ನಿಲ್ಲಿಸಿ, ಹಕ್ಕಿ ಸೀದಾ ನೀರಿಗೆ ಬರಲ್ಲ, ಮೊದಲು ಅಲ್ಲಿ ಕೂತು ಸುತ್ತ ನೋಡುತ್ತೆ, ಫೋಟೋ ಸಿಗೋದು ಅಲ್ಲೇ. ಕೊಂಬೆ ಹಿಂದೆ ಹತ್ತು ಮೀಟರ್ ಆದ್ರೂ ಖಾಲಿ ಇರೋ ಹಾಗೆ ಜಾಗ ಹುಡುಕಿ, ಆಗ ಎಫ್ 5.6ರಲ್ಲೇ ಹಿಂದಿನ ಹಸಿರು ಕರಗಿ ಹೋಗುತ್ತೆ. ಮೇಲಿನಿಂದ ಸ್ವಲ್ಪ ಬಿಸಿಲು ಬೀಳೋ ಕಡೆ ಇಟ್ರೆ ಐಎಸ್ಒ 800ಕ್ಕೇ ಇಳಿಯುತ್ತೆ. ನೀವು ಹಸಿರು ಬಟ್ಟೆ ಕಟ್ಟಿ ಅದರ ಹಿಂದೆ ಕೂತ್ಕೊಳ್ಳಿ, ಪಿಕಳಾರ ಮೊದಲು ಬರುತ್ತೆ, ಅದು ಧೈರ್ಯವಾಗಿ ಸ್ನಾನ ಮಾಡೋದು ನೋಡಿ ಮಿಕ್ಕವು ಬರ್ತವೆ, ರಾಜಹಕ್ಕಿ ಬಾಲ ನೀರಿಗೆ ಅದ್ದಿ ಹಾರೋದನ್ನ ಒಂದು ಸಲ ಹಿಡಿದ್ರೆ ಗೊತ್ತಾಗುತ್ತೆ ಆರ್10ಗೆ ಯಾಕೆ ದುಡ್ಡು ಹಾಕಿದ್ದು ಅಂತ. ತಟ್ಟೆ ನೀರು ದಿನಾ ಚೆಲ್ಲಿ ಹೊಸದು ಹಾಕಿ, ಕೊಳೆತ್ರೆ ಹಕ್ಕಿಗೆ ರೋಗ, ಸೊಳ್ಳೆನೂ ಆಗುತ್ತೆ.

ಮೊಬೈಲಲ್ಲಿ ಹಕ್ಕಿ ಕೂಗು ಹಾಕಿ ಕರೆಯೋದು, ಗೂಡಿನ ಹತ್ರ ಎಲೆ ಸರಿಸಿ ತೆಗೆಯೋದು ಇವೆರಡು ಮಾತ್ರ ಮಾಡಲೇಬೇಡಿ. ಮರಿ ಇರೋ ಕಾಲದಲ್ಲಿ ಕೂಗು ಹಾಕಿದ್ರೆ ತಂದೆ ಹಕ್ಕಿ ಊಟ ಬಿಟ್ಟು ಜಗಳಕ್ಕೆ ಬರುತ್ತೆ. ನಿಮ್ಮದೇ ತೋಟ, ಹಕ್ಕಿನೂ ಅಲ್ಲೇ ಇರೋವು, ಅವಸರ ಏನಿಲ್ಲ.

ಮತ್ತೆ ರಾ ಫಾರ್ಮ್ಯಾಟಲ್ಲಿ (ಕ್ಯಾಮೆರಾ ತಿದ್ದದ ಮೂಲ ಫೈಲ್) ತೆಗೀರಿ. ಡಾರ್ಕ್‌ಟೇಬಲ್ ಅಂತ ಪುಕ್ಕಟೆ ಸಾಫ್ಟ್‌ವೇರ್ ಇದೆ, ಲೈಟ್‌ರೂಮಿನ ಹೊಸ ಡೀನಾಯ್ಸ್ ಇನ್ನೂ ಚೆನ್ನಾಗಿ ಕಾಳು ತೆಗೆಯುತ್ತೆ, 6400 ಈಗ ಹೆದರೋ ನಂಬರ್ ಅಲ್ಲ. 100-400 ಇನ್ನೆರಡು ಬೆಳೆ ಆದ್ಮೇಲೆ ತಗೊಳ್ಳಿ, 635 ಗ್ರಾಂ ಅಷ್ಟೇ, ನಿಮ್ಮ ತಿರುಗಾಟಕ್ಕೆ ಸಿಗ್ಮಾಗಿಂತ ಅದೇ ಸರಿ.

ಕಾಫಿತೋಟ_ಪೊನ್ನಂಪೇಟೆ:

ಸರಿ ಅಣ್ಣ, ಆರ್10 ಬಾಡಿ, ಅಡಾಪ್ಟರ್, ಸೆಕೆಂಡ್ಸಲ್ಲಿ 55-250 ಎಸ್‌ಟಿಎಂ ಮತ್ತೆ ಅಕ್ಕ ಹೇಳಿದ 50, ಇಷ್ಟು ತಗೊಳ್ತೀನಿ, 1500ಡಿ ಮಾರಿದ ದುಡ್ಡೂ ಸೇರಿದ್ರೆ ಲೆಕ್ಕ ಸರಿ ಹೋಗುತ್ತೆ. ಕೊನೇದೊಂದು, ಹಳೇ ಬ್ಯಾಟರಿ ಆರ್10ಗೆ ಆಗುತ್ತಾ? ಮಳೆಲಿ ತೆಗೆಯಬಹುದಾ?

ಮಡಿಕೇರಿ_ಮಂಜು:

ಬ್ಯಾಟರಿ ಆಗಲ್ಲ, 1500ಡಿಗೆ ಎಲ್‌ಪಿ-ಇ10, ಆರ್10ಗೆ ಎಲ್‌ಪಿ-ಇ17. ಮಿರರ್‌ಲೆಸ್ ಬ್ಯಾಟರಿ ಬೇಗ ತಿನ್ನುತ್ತೆ, ಒಂದು ಎಕ್ಸ್ಟ್ರಾ ಒರಿಜಿನಲ್ಲೇ ತಗೊಂಡುಬಿಡಿ. ಮಳೆಗೆ ಆರ್10 ನಂಬ್ಕೊಂಡು ಹೋಗ್ಬೇಡಿ, ದೊಡ್ಡ ಪಾಲಿಥಿನ್ ಕವರಿಗೆ ಲೆನ್ಸ್ ಹೊರಗೆ ಬರೋಷ್ಟು ತೂತು ಮಾಡಿ ಹುಡ್ ಮೇಲೆ ರಬ್ಬರ್ ಬ್ಯಾಂಡ್ ಹಾಕಿ, ಮೇಲೆ ಕೊಡೆ ಹಿಡಿಯೋಕೆ ಒಬ್ಬರನ್ನ ಕರ್ಕೊಂಡು ಹೋಗಿ. ಮನೆಗೆ ಬಂದ ತಕ್ಷಣ ಒಣ ಬಟ್ಟೆಲಿ ಒರೆಸಿ, ಫ್ಯಾನ್ ಕೆಳಗೆ ಅರ್ಧ ಗಂಟೆ ಇಟ್ಟು ಆಮೇಲೆ ಡಬ್ಬಕ್ಕೆ ಹಾಕಿ. 1500ಡಿ ಮಾರೋಕೆ ಮುಂಚೆ ಇಲ್ಲೇ ಒಂದು ಪೋಸ್ಟ್ ಹಾಕಿ, ನನ್ನ ತಂಗಿ ಮಗನಿಗೆ ಕಲಿಯೋಕೆ ಒಂದು ಕ್ಯಾಮೆರಾ ಹುಡುಕ್ತಿದೀನಿ.